ನಟ್ಟ ಕಲ್ಲು

ಅರಸೀಕೆರೆಯಿಂದ ಬಾಣಾವರದ ಕಡೆಗೆ ಹೊರಟ ದಾರಿಯಿಂದ ಒಂದು ಕೂಗಳತೆಯಷ್ಟು ಒಳಗೆ ನಮ್ಮ ತಾತನವರು ಎಬ್ಬಿಸಿದ ತೆಂಗಿನ ತೋಟವೊಂದುಂಟು. ಅದರ ನಾಲ್ಕು ಎಲ್ಲೆಗಳಲ್ಲಿಯೂ ಅವರೇ ನಿಲ್ಲಿಸಿದ ಕಲ್ಲುಕಂಬಗಳುಂಟು. ಅವರು ಮೊದಲು ನೆಟ್ಟ ಮರಗಳು ಮುಪ್ಪಾಗಿ ಉರುಳಿ, ಅವುಗಳ ಎಡೆಯಲ್ಲಿ ಇಟ್ಟ ಸಸಿಗಳು ಎದ್ದು ಫಲಕ್ಕೆ ಬಂದಿವೆ. ಕಂಬಗಳು ಮಾತ್ರ ಅಂದಿನವೇ. ಅವುಗಳಿಗೆ ಬಿಗಿದ ಮುಳ್ಳುತಂತಿ ಎರಡು ಬಾರಿ ಬದಲಾಗಿ, ಮೂರನೆಯದೂ ತುಕ್ಕು ಹಿಡಿದು, ಬೆರಳುಗಳ ನಡುವೆ ತಿರುವಿದರೆ ಕೆಂಪು ಪುಡಿಯಾಗಿ ಉದುರುವ ಸ್ಥಿತಿಗೆ ಬಂದಿದ್ದುದರಿಂದ, ಹೋದ ಮಾಗಿಯಲ್ಲಿ ಬೇಲಿಯನ್ನು ಹೊಸದಾಗಿ ಕಟ್ಟಿಸಬೇಕೆಂದು ನಿಶ್ಚಯಿಸಿದೆನು. ಹಳೆಯ ಕಂಬಗಳಿಗೆ ಇರುವುದು ಮೂರೇ ತೂತು, ಮೂರೆಳೆ ತಂತಿಗೆ ಸಾಲುವಷ್ಟು. ಅಂದು ತಡೆಯಬೇಕಾಗಿದ್ದುದು ದನಗಳನ್ನು. ಇಂದು ಹಂದಿಗಳು ನೆಲಕ್ಕೆ ಮೂತಿ ಹಚ್ಚಿ ನುಗ್ಗುವುದರಿಂದ ತಗ್ಗಿನಲ್ಲಿ ಇನ್ನೆರಡೆಳೆ ಬೇಕು. ತಮ್ಮನ ಮಗ ಎಲ್ಲವನ್ನೂ ಲೆಕ್ಕ ಹಾಕಿ, “ದೊಡ್ಡಪ್ಪ, ಈ ಕಲ್ಲುಗಳನ್ನೆಲ್ಲ ಕೀಳಿಸಿಬಿಡೋಣ. ಸಿಮೆಂಟ್ ಕಂಬ ತರಿಸಿದರೆ ಎಲ್ಲ ಒಂದೇ ಅಳತೆ, ತೂತು ಕೂಡ ಅವರೇ ಬಿಟ್ಟಿರ್ತಾರೆ” ಎಂದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನ್ನ ಮನಸ್ಸು ಒಪ್ಪದೆ, ಕಲ್ಲುಕೆಲಸದವರೊಬ್ಬರನ್ನು ಕರೆಸಿದೆನು.

ಬಂದವರು ಅರುವತ್ತು ದಾಟಿದ ಹಿರಿಯರು. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ, ಹೆಗಲ ಚೀಲದಲ್ಲಿ ನಾಲ್ಕಾರು ಚಾಣಗಳು. ಅವರು ಒಂದೊಂದು ಕಂಬದ ಬಳಿಯಲ್ಲಿಯೂ ನಿಂತು, ನೆತ್ತಿಯಲ್ಲಿ ಒಮ್ಮೆ, ನಡುವಿನಲ್ಲಿ ಒಮ್ಮೆ, ಮಣ್ಣಿಗೆ ಸೇರುವೆಡೆಯಲ್ಲಿ ಒಮ್ಮೆ ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಗಟ್ಟಿಯಾದುದು ಕಂಚಿನ ತಟ್ಟೆಯಂತೆ ನುಡಿಯಿತು. ಒಳಗೆ ಸೀಳು ಬಿಟ್ಟುದು ಹಸಿ ಮಡಕೆಯಂತೆ ಮೊದ್ದಾಗಿ ಸದ್ದು ಮಾಡಿತು. ಮೊದ್ದಾದುದಕ್ಕೆ ಸುಣ್ಣದ ಬೊಟ್ಟಿಡುತ್ತ ತೋಟವನ್ನು ಪೂರ್ತಿ ಸುತ್ತಿ ಬಂದು, “ಯಜಮಾನ್ರೆ, ಕಲ್ಲು ಇನ್ನೂ ಗಟ್ಟಿಯಾಗೈತೆ. ತೂತು ಹೊಡೀಬೋದು. ಆದ್ರೆ ತಂತಿ ಅಳತೆಗೆ ಕಲ್ಲು ಬರಲ್ಲ, ಕಲ್ಲಿನ ಅಳತೆಗೆ ತಂತಿ ಬರ್ಬೇಕು” ಎಂದರು. ಆ ಮಾತಿನ ಪೂರ್ತಿ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಅವರು ಕೆಲಸಕ್ಕೆ ಕುಳಿತ ಮೇಲೆ ನಾನು ಪಕ್ಕದಲ್ಲಿ ಕುಳಿತು, ನಲವತ್ತು ವರ್ಷಗಳಿಂದ ಕಂಡೂ ಕಾಣದೆ ಇದ್ದ ಕಂಬವೊಂದನ್ನು ಮೊಟ್ಟಮೊದಲ ಬಾರಿಗೆ ನೋಡಿದೆನು. ಅದರ ಒಂದು ಅಂಚಿನುದ್ದಕ್ಕೂ ಬೆಣೆ ಹೊಡೆದ ಗುರುತುಗಳು, ಅರ್ಧ ಸೀಳಿದ ಕುಳಿಗಳು, ಗೇಣಿಗೊಂದರಂತೆ ಬಾಚಣಿಗೆಯ ಹಲ್ಲುಗಳ ಹಾಗೆ ಸಾಲಾಗಿದ್ದವು. ಬಂಡೆಯಿಂದ ಇದನ್ನು ಬಿಡಿಸಿದವನ ಕೈಯ ನಡೆ ಆ ಸಾಲಿನಲ್ಲಿಯೇ ಉಳಿದಿತ್ತು. ಬಿಸಿಲು ತಾಕದ ಮಗ್ಗುಲಲ್ಲಿ ಕಲ್ಲುಹೂವು ಬೂದಿಬಣ್ಣದ ಬಿಲ್ಲೆಗಳಾಗಿ ಹರಡಿತ್ತು. ಹಳೆಯ ತೂತಿನ ಕೆಳತುಟಿಯಲ್ಲಿ ತಂತಿ ಗಾಳಿಗೆ ಅಲುಗಾಡಿ ಅಲುಗಾಡಿ ಉಜ್ಜಿದ ಒಂದು ಸಣ್ಣ ಕಾಲುವೆ. ಆ ಕಾಲುವೆಯಿಂದ ಕೆಳಕ್ಕೆ, ತುಕ್ಕಿನ ನೀರು ಇಳಿದು ಇಳಿದು ಎಳೆದ ಕೆಂಪು ಗೆರೆ. ಹಿರಿಯರು ಚಾಣವನ್ನು ಕಲ್ಲಿಗೆ ಊರಿ, ಒಂದೊಂದು ಪೆಟ್ಟಿಗೂ ಅದನ್ನು ಕಾಲುಸುತ್ತು ತಿರುಗಿಸುತ್ತ, ನಡುನಡುವೆ ನೀರು ಬಿಟ್ಟು ಕಲ್ಲಿನ ಹಿಟ್ಟನ್ನು ಊದಿ ತೆಗೆಯುತ್ತ, ಅರ್ಧದಷ್ಟನ್ನು ಈ ಮುಖದಿಂದ ಕೊರೆದು ಉಳಿದರ್ಧಕ್ಕೆ ಆ ಮುಖಕ್ಕೆ ಹೋದರು. ಒಂದೇ ಕಡೆಯಿಂದ ಕೊರೆದರೆ ಆಚೆಯ ಮುಖದಲ್ಲಿ ಅಂಗೈಯಗಲ ಚಕ್ಕೆ ಎದ್ದುಹೋಗುತ್ತದೆಯಂತೆ. ಎರಡು ಕೊರೆತಗಳೂ ಕಲ್ಲಿನ ಗರ್ಭದಲ್ಲಿ ಸಂಧಿಸಿದ ಕ್ಷಣದಲ್ಲಿ, ಕಂಬದ ಮೂಲಕ ಒಂದು ಕಾಸಿನಗಲದ ಬೆಳಕು ಹಾದುಬಂದು ಅವರ ಮೊಣಕೈಯ ಮೇಲೆ ಬಿದ್ದಿತು.

ಆ ಬೆಳಕನ್ನು ನೋಡುತ್ತಿದ್ದಾಗ ನನ್ನಲ್ಲಿ ಒಂದು ಪ್ರಶ್ನೆ ಎದ್ದಿತು; ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಹಿರಿಯರು ಪ್ರತಿಷ್ಠಿಸಿದುದರ ಮೇಲೆ, ಅವರು ಊಹಿಸದೆ ಇದ್ದ ಭಾರವನ್ನು ನಾವು ಹೊರಿಸುವುದು ಅವರಿಗೆ ಸಲ್ಲಿಸುವ ಗೌರವವೆ, ಅಪಚಾರವೆ? ಹಳೆಯದಕ್ಕೆ ನಾವು ತೀರಿಸಬೇಕಾದ ಋಣ ಅದನ್ನು ಇದ್ದಂತೆ ಬಿಡುವುದರಲ್ಲಿದೆಯೋ, ಅದರಿಂದ ಕೆಲಸ ಮಾಡಿಸುವುದರಲ್ಲಿದೆಯೋ? ಇದು ಬೇಲಿಯ ಕಂಬಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲವೆಂಬುದು ವಾಚಕರಿಗೆ ವಿದಿತವೇ ಇದೆ. ಆಚಾರ, ಮಂತ್ರ, ಮನೆತನದ ನಡತೆ, ನಾವು ಹೇಳುವ ದೇವರ ಹೆಸರು ಇವೆಲ್ಲವೂ ಯಾರೋ ನಟ್ಟ ಕಂಬಗಳೇ. ಅವುಗಳಿಗೆ ತಂತಿ ಬಿಗಿಯುವವರು ಮಾತ್ರ ನಾವು.

ಎಲ್ಲೆಯ ಕಲ್ಲನ್ನು ನಮ್ಮ ನಾಡು ಎಂದೂ ಬರಿಯ ಕಲ್ಲೆಂದು ಎಣಿಸಿದುದಿಲ್ಲ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಭೂಮಿಯ ಸೀಮೆಯನ್ನು ಹೇಳುವಾಗ ಮೂಡಲಿಗೆ ಇಂತಹ ಹಳ್ಳ, ತೆಂಕಲಿಗೆ ಇಂತಹ ಮರ, ಪಡುವಲಿಗೆ ನಟ್ಟ ಕಲ್ಲು ಎಂದು ಒಂದೊಂದಾಗಿ ಎಣಿಸಿಕೊಂಡು ಹೋಗುವ ಕ್ರಮವುಂಟು. ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲು, ಬ್ರಾಹ್ಮಣರಿಗೂ ವಿಷ್ಣ್ವಾಲಯಕ್ಕೂ ಬಿಟ್ಟುದರಲ್ಲಿ ವಾಮನಮುದ್ರೆಯ ಕಲ್ಲು, ಬಸದಿಗೆ ಬಿಟ್ಟುದರಲ್ಲಿ ಮುಕ್ಕೊಡೆಯ ಕಲ್ಲು. ದೇವರೇ ಬಂದು ಹೊಲದ ಮೂಲೆಯಲ್ಲಿ ಮಳೆಬಿಸಿಲಿಗೆ ಮೈಯೊಡ್ಡಿ ಕಾವಲು ನಿಂತ ಹಾಗೆ. ಈ ದಾನವನ್ನು ಅಳಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುವುದೆಂಬ ಶಾಪವೂ ಅದರೊಡನೆಯೇ ಇರುತ್ತದೆ. ಮನುಸ್ಮೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಣ್ಣಿಗೆ ಕಾಣುವ ಗುರುತು ಸಾಲದೆಂದು, ಎಲ್ಲೆಯ ನೆಲದೊಳಗೆ ಇದ್ದಲು, ಬೂದಿ, ಮಡಕೆಯ ಚೂರು, ಮರಳು ಮೊದಲಾದ ಬೇಗ ಮಣ್ಣಾಗದ ವಸ್ತುಗಳನ್ನು ಗುಪ್ತವಾಗಿ ಹೂಳಿಡಬೇಕೆಂದು ವಿಧಿಸುತ್ತದೆ. ಕಂಬ ಬಿದ್ದರೂ ಸತ್ಯ ಬೀಳಬಾರದೆಂಬ ಈ ಕಳಕಳಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅದೇ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಪದ ಖಂಡಸ್ಫುಟಿತಜೀರ್ಣೋದ್ಧಾರ. ಒಡೆದುದು, ಸೀಳಿದುದು, ಶಿಥಿಲವಾದುದು, ಇವನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆಂದೇ ದಾನದ ಒಂದು ಭಾಗವನ್ನು ಮೀಸಲಿಡುತ್ತಿದ್ದರು. ಇದರ ಸೂಕ್ಷ್ಮವನ್ನು ಗಮನಿಸಬೇಕು. ದೇವಾಲಯ ಹೊಚ್ಚಹೊಸದಾಗಿರುವಾಗ, ಶಿಲ್ಪಿಯ ಉಳಿಯ ಹಿಟ್ಟು ಇನ್ನೂ ನೆಲದ ಮೇಲಿರುವಾಗಲೇ, ಇದು ಒಂದು ದಿನ ಒಡೆಯುವುದೆಂದು ಒಪ್ಪಿಕೊಂಡು, ಆ ದಿನದ ಕೂಲಿಯನ್ನು ಇಂದೇ ಬರೆದಿಡುವುದು ಎಂತಹ ವಿನಯ! ತಾನು ಮಾಡಿದುದು ಶಾಶ್ವತವೆಂದು ನಂಬಿದವನು ಜೀರ್ಣೋದ್ಧಾರಕ್ಕೆ ಉಂಬಳಿ ಬಿಡುವುದಿಲ್ಲ. ದಾನ ಕೊಡುವುದಕ್ಕಿಂತಲೂ ಹಿಂದಿನವರು ಕೊಟ್ಟುದನ್ನು ಪಾಲಿಸುವುದು ಹೆಚ್ಚಿನ ಪುಣ್ಯವೆಂಬ ಮಾತನ್ನು ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಕಾಣುತ್ತೇವೆ. ಹೊಸದಾಗಿ ಕಟ್ಟುವವನಿಗೆ ಹೆಸರಿನ ಆಸೆಯಾದರೂ ಉಂಟು, ಪಾಲಿಸುವವನಿಗೆ ಅದೂ ಇಲ್ಲ.

ಆಗಮಶಾಸ್ತ್ರ ಈ ವಿಷಯದಲ್ಲಿ ಒಂದು ವಿವೇಚನೆಯನ್ನು ಮಾಡಿದೆ. ಪೂಜೆಗೊಳ್ಳುವ ಬಿಂಬ ಭಗ್ನವಾದರೆ ಅದನ್ನು ಪೀಠದಿಂದ ಇಳಿಸಿ ವಿಸರ್ಜಿಸತಕ್ಕದ್ದು. ಆದರೆ ಗುಡಿಯ ಕಂಬವೋ ಸೂರೋ ಜೀರ್ಣವಾದರೆ ಅದನ್ನು ದುರಸ್ತು ಮಾಡತಕ್ಕದ್ದು. ದುರಸ್ತಿನ ಕಾಲದಲ್ಲಿ ಮೂಲಬಿಂಬದ ಶಕ್ತಿಯನ್ನು ಕಲಶದ ನೀರಿಗೆ ಆಕರ್ಷಿಸಿ, ಬಾಲಾಲಯವೆಂಬ ಪುಟ್ಟ ತಾತ್ಕಾಲಿಕ ಗುಡಿಯಲ್ಲಿ ದೇವರನ್ನಿಟ್ಟು, ಕೆಲಸ ಮುಗಿದ ಮೇಲೆ ಮರಳಿ ತರುತ್ತಾರೆ. ಅಂದರೆ, ಪೂಜ್ಯವಾದುದು ಪೂರ್ಣವಾಗಿರಬೇಕು, ಹೊರುವುದು ಮಾತ್ರ ಗಾಯಗೊಂಡೂ ಹೊರಬಹುದು. ಈ ಭೇದವನ್ನು ಮರೆತೇ ನಾವು ಎಷ್ಟೋ ಕಡೆ ತೊಡಕಿಗೆ ಸಿಕ್ಕುತ್ತೇವೆಂದು ನನ್ನ ಅಭಿಪ್ರಾಯ. ಕಂಬವಾಗಿದ್ದುದನ್ನು ಬಿಂಬವೆಂದು ಭ್ರಮಿಸಿ, ಮುಟ್ಟಬಾರದು, ಕೊರೆಯಬಾರದು ಎಂದು ಗಂಧಾಕ್ಷತೆ ಹಾಕಿ ಕೂರಿಸುತ್ತೇವೆ. ಅದರ ಮೈಗೆ ಬಳ್ಳಿ ಹಬ್ಬುತ್ತದೆ, ಬೇಲಿಯಿಲ್ಲದ ತೋಟಕ್ಕೆ ದನ ನುಗ್ಗುತ್ತದೆ.

ಬೇಲೂರಿನ ಚೆನ್ನಕೇಶವನ ಸನ್ನಿಧಿಗೆ ಹೋದಾಗಲೆಲ್ಲ ನಾನು ಮದನಿಕೆಯರನ್ನು ನೋಡುವುದಕ್ಕೆ ಮುಂಚೆ ನವರಂಗದ ಹೊರಸಾಲಿನ ಜಾಲಂಧ್ರಗಳ ಮುಂದೆ ನಿಲ್ಲುತ್ತೇನೆ. ಹೊಯ್ಸಳರ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ಆ ಮಂಟಪದ ಸುತ್ತ ಈ ಕಲ್ಲುಜಾಲರಿಗಳು ಇರಲಿಲ್ಲ. ಕಂಬಗಳ ನಡುವೆ ಗಾಳಿ ಬೆಳಕುಗಳು ಧಾರಾಳವಾಗಿ ಆಡುತ್ತಿದ್ದವು. ಅರಸೀಕೆರೆಯಲ್ಲಿ ಸುಮಾರು 1220ರಲ್ಲಿ ಎದ್ದ ಈಶ್ವರನ ಗುಡಿಯ ಮುಂಭಾಗದ ನಕ್ಷತ್ರಾಕಾರದ ಮಂಟಪ ಇಂದಿಗೂ ಹಾಗೆಯೇ ತೆರೆದುಕೊಂಡಿದೆ. ಅಲ್ಲಿ ಕುಳಿತರೆ ಬೇಲೂರು ಮೊದಲು ಹೇಗಿದ್ದಿತೆಂಬುದನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಬೇಲೂರಿನ ಹೊರಗಂಬಗಳ ನಡುವೆ ಜಾಲಂಧ್ರಗಳನ್ನೂ ಬಾಗಿಲನ್ನೂ ಕೂಡಿಸಿದುದು ಮೊಮ್ಮಗನಾದ ವೀರಬಲ್ಲಾಳನ ಕಾಲದಲ್ಲಿ. ತಾತನು ನಿಲ್ಲಿಸಿದ ಕಂಬಗಳಿಗೆ ಮೊಮ್ಮಗನು ಬೇಲಿ ಕಟ್ಟಿದನೆಂದು ನಾನು ಹೇಳಿದರೆ, ಅದು ಆ ಮಹಾಕಾರ್ಯವನ್ನು ಕಿರಿದುಮಾಡುವ ಮಾತಲ್ಲ, ಬೇಲಿ ಕಟ್ಟುವ ಕೆಲಸಕ್ಕೆ ಸಲ್ಲತಕ್ಕ ಮರ್ಯಾದೆಯ ಮಾತು. ಆ ಜಾಲಂಧ್ರಗಳಿಂದ ಮಂಟಪಕ್ಕೆ ಹಾನಿಯಾಯಿತೆ? ಬೆಳಕು ಕಡಮೆಯಾಯಿತು, ನಿಜ; ಒಳಗಿನ ಕಂಬಗಳ ಕೆತ್ತನೆಯನ್ನು ಈಗ ದೀಪದ ನೆರವಿಲ್ಲದೆ ಪೂರ್ತಿ ಕಾಣಲಾರೆವು. ಆದರೆ ರಂಧ್ರರಂಧ್ರವಾಗಿ ಸೋಸಿ ಬಂದ ಆ ಮಿತವಾದ ಬೆಳಕಿನಲ್ಲಿಯೇ ಗರ್ಭಗೃಹದ ಕಡೆಗೆ ಮುಖ ತಾನಾಗಿ ತಿರುಗುತ್ತದೆ. ವಿಷ್ಣುವರ್ಧನನ ಶಿಲ್ಪಿಗಳು ಉದ್ದೇಶಿಸದೆ ಇದ್ದ ಒಂದು ಏಕಾಂತವನ್ನು ಅವರ ಕಂಬಗಳೇ ಹೊತ್ತು ನಿಂತಿವೆ.

ಅಲ್ಲಿಯೇ ಒಳಗೆ ಇನ್ನೊಂದು ಸಂಗತಿಯುಂಟು. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ, ವಿಜಯನಗರದ ಎರಡನೆಯ ಹರಿಹರನ ಕಾಲಕ್ಕೆ, ಹೊಯ್ಸಳರ ರಾಜ್ಯ ಅಳಿದು ಗುಡಿ ಪೆಟ್ಟು ತಿಂದು ನಿಂತಿದ್ದಾಗ, ಅದರ ಭಾರಕ್ಕೆ ಆಸರೆಯಾಗಿ ನಾಲ್ಕು ಕಂಬಗಳನ್ನು ಕೊಟ್ಟರು. ಹೊಯ್ಸಳರ ಗುಡಿ ಬಳಪದ ಕಲ್ಲಿನದು. ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ, ಉಳಿಗೆ ಬೆಣ್ಣೆಯಂತೆ ಒಪ್ಪುವ ಕಲ್ಲು. ವಿಜಯನಗರದವರು ಕೊಟ್ಟ ಆಸರೆ ಒರಟು ಬಿಳಿಗಲ್ಲಿನದು, ನಮ್ಮ ತೋಟದ ಕಂಬಗಳ ಜಾತಿಯದು. ಹಳೆಯ ಕೆತ್ತನೆಯನ್ನು ಅನುಕರಿಸುವ ಸಾಹಸಕ್ಕೆ ಹೋಗದೆ, ತಮಗೆ ಒಲಿದ ಕಲ್ಲಿನಲ್ಲಿ, ತಮಗೆ ಬಂದ ರೀತಿಯಲ್ಲಿ ಆತುಕೊಟ್ಟರು. ಸುಂದರವಾದುದರ ಪಕ್ಕದಲ್ಲಿ ಸಾಮಾನ್ಯವಾದುದಾಗಿ ನಿಂತು ಭಾರ ಹೊರಲು ಒಪ್ಪಿಕೊಳ್ಳುವುದರಲ್ಲಿ ಒಂದು ದಾಸ್ಯಭಕ್ತಿಯಿದೆಯೆಂದು ನನಗೆ ಅನ್ನಿಸುತ್ತದೆ.

ಈಗ ನನ್ನ ತಪ್ಪನ್ನೂ ಹೇಳಬೇಕು. ತೂತುಗಳೆಲ್ಲ ಮುಗಿದು ತಂತಿ ಎಳೆಯುವ ದಿನ, ಬೇಲಿ ವೀಣೆಯ ತಂತಿಯ ಹಾಗೆ ಬಿಗಿಯಾಗಿರಬೇಕೆಂಬ ಹಟದಿಂದ, ಎಳೆಯುವ ಹುಡುಗರಿಗೆ ಇನ್ನೂ ಇನ್ನೂ ಎಂದು ನಾನೇ ಹೇಳಿದೆನು. ಹಿರಿಯರು ಊಟಕ್ಕೆ ಹೋಗಿದ್ದರು. ಬಡಗಣ ಸಾಲಿನಲ್ಲಿ, ಸುಣ್ಣದ ಬೊಟ್ಟಿಲ್ಲದೆ ಇದ್ದ, ಕಂಚಿನಂತೆ ನುಡಿದಿದ್ದ ಒಂದು ಕಂಬ ಹಳೆಯ ತೂತಿನ ಮಟ್ಟದಲ್ಲಿ ಟಕ್ಕೆಂದು ಮುರಿದು ತಂತಿಯಲ್ಲಿಯೇ ಜೋತುಬಿದ್ದಿತು. ಅವರು ಬಂದು ನೋಡಿ, ಏನೂ ಹೇಳದೆ, ಮುರಿದ ಮುಖದ ಮೇಲೆ ಬೆರಳಾಡಿಸಿದರು. ಆ ಮುಖ ಬೆಳ್ಳಗೆ, ಸಕ್ಕರೆಯ ಹರಳಿನಂತೆ ಹೊಳೆಯುತ್ತಿತ್ತು. ನಮ್ಮ ತಾತನವರೂ ಕಂಡಿರದ ಕಲ್ಲಿನ ಒಳಮೈ. ತಂತಿಯನ್ನು ಮೂಲೆಗಂಬದಿಂದ ಸಡಿಲಿಸಿ, ಇಡೀ ಸಾಲಿನಲ್ಲಿ ಎಲ್ಲಕ್ಕಿಂತ ಅಶಕ್ತವಾದ ಕಂಬ ಯಾವುದೋ ಅದು ತಡೆಯುವಷ್ಟಕ್ಕೆ ಮಾತ್ರ ಬಿಗಿದು, ಮೂಲೆಗಳಿಗೆ ಓರೆಯಾಗಿ ಒತ್ತುಗಲ್ಲುಗಳನ್ನು ಕೊಟ್ಟರು. ಕಲ್ಲಿನ ಅಳತೆಗೆ ತಂತಿ ಬರಬೇಕೆಂದು ಅವರು ಮೊದಲ ದಿನ ಹೇಳಿದುದು ಇದನ್ನೇ.

ಹಳೆಯದರಿಂದ ಕೆಲಸ ಮಾಡಿಸಬಹುದೆ ಎಂಬುದಕ್ಕೆ ಉತ್ತರ ಅಂದು ಅರ್ಧ ದೊರೆಯಿತು. ಮಾಡಿಸಬಹುದು, ಮಾಡಿಸಲೇಬೇಕು, ಕೆಲಸದಿಂದ ಬಿಡುಗಡೆ ಹೊಂದಿದ ಕಂಬ ಬೇಗನೆ ಬೀಳುತ್ತದೆ, ಏಕೆಂದರೆ ಅದರ ಕಡೆಗೆ ಯಾರೂ ನೋಡುವುದಿಲ್ಲ. ಆದರೆ ಎಷ್ಟು ಬಿಗಿಯಬೇಕೆಂಬ ನಿರ್ಣಯ ಹೊಸದರ ಕೈಯಲ್ಲಿರಕೂಡದು. ಪೂರ್ವಿಕರ ಒಂದು ವ್ರತವನ್ನೋ ಒಂದು ಮಾತನ್ನೋ ತಂದು ಇಂದಿನ ನಮ್ಮ ವಾದಕ್ಕೆ ಜಗ್ಗಿ ಕಟ್ಟಿದಾಗ ಅದು ಮುರಿಯುವುದು ಹಳೆಯದಾದುದರಿಂದಲ್ಲ, ಅದರ ಶಕ್ತಿಯನ್ನು ತಟ್ಟಿ ಕೇಳುವ ತಾಳ್ಮೆ ನಮಗಿಲ್ಲದುದರಿಂದ.

ಮರದ ಗೂಟಗಳ ವಿಷಯ ಬೇರೆ. ಬೇಲೂರು ದಾಟಿ ಮಲೆನಾಡಿನ ಕಡೆಗೆ ಇಳಿದರೆ ಹಾಲವಾಣದ ಕೊಂಬೆಗಳನ್ನೇ ಬೇಲಿಗೂಟವಾಗಿ ನೆಡುತ್ತಾರೆ. ಒಂದು ಮಳೆಗಾಲದಲ್ಲಿ ಅವು ಚಿಗುರಿ ಗೂಟವೇ ಗಿಡವಾಗುತ್ತದೆ. ಒಣಮರದ ಗೂಟವಾದರೆ ಅದು ಕೊಳೆಯುವುದು ತುದಿಯಲ್ಲೂ ಅಲ್ಲ, ಆಳದಲ್ಲೂ ಅಲ್ಲ, ಮಣ್ಣು ಮುಗಿದು ಗಾಳಿ ತೊಡಗುವ ಆ ನಾಲ್ಕು ಬೆರಳಿನ ಸಂಧಿಯಲ್ಲಿ. ಕೊಳೆಸುವ ಬೂಷ್ಟಿಗೆ ತೇವವೂ ಬೇಕು, ಉಸಿರೂ ಬೇಕು, ಎರಡೂ ಕೂಡುವುದು ಅಲ್ಲಿಯೇ. ಅದನ್ನು ಬಲ್ಲವರು ಬುಡವನ್ನು ಬೆಂಕಿಯಲ್ಲಿ ಕರಿಗಟ್ಟಿಸಿ ಹೂಳುತ್ತಾರೆ, ಕೊಳೆತಷ್ಟನ್ನು ಕತ್ತರಿಸಿ ಉಳಿದುದನ್ನು ಗಿಡ್ಡಗೂಟವಾಗಿ ಮತ್ತೆ ಬಳಸುತ್ತಾರೆ.

ಜೀರ್ಣವಾದುದನ್ನು ಹೀಗೆ ಉಳಿಸಿಕೊಳ್ಳುವ ಮಾತು ಬಂದಾಗ ನನಗೆ ನೆನಪಾಗುವುದು ಹಳೇಬೀಡಿನ ಬಸ್ತಿಹಳ್ಳಿಯಲ್ಲಿರುವ ಪಾರ್ಶ್ವನಾಥ ಬಸದಿ. ಅಲ್ಲಿಗೆ ಹೊಯ್ಸಳೇಶ್ವರನ ಗುಡಿಗೆ ಬರುವಷ್ಟು ಜನ ಬರುವುದಿಲ್ಲ. ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಬಸದಿ ಅದು. ಗಂಗರಾಜನು ಯುದ್ಧಗಳನ್ನು ಗೆದ್ದವನು. ಆದರೂ ಶಾಸನಗಳು ಅವನನ್ನು ಮನಸಾರೆ ಹೊಗಳುವುದು ಗಂಗವಾಡಿಯ ಜೀರ್ಣವಾದ ಬಸದಿಗಳನ್ನು ಎತ್ತಿ ನಿಲ್ಲಿಸಿದುದಕ್ಕಾಗಿ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ಸುತ್ತಾಲಯವನ್ನು ಮಾಡಿಸಿದವನೂ ಅವನೇ. ಯಾವ ಆವರಣವೂ ಬೇಡವೆಂದು ಬಟ್ಟಬಯಲಲ್ಲಿ ನಿಂತವನಿಗೆ ಆವರಣ ಕಟ್ಟಿಸುವಾಗ ಆ ದಂಡನಾಯಕನಿಗೆ ಏನನ್ನಿಸಿತೋ! ಹಳೆಯದನ್ನು ಸುತ್ತುವರಿದೂ ಮರೆಮಾಡಲಿಲ್ಲ, ಆ ಸುತ್ತಾಲಯದ ಮೇಲೆ ಗೊಮ್ಮಟನು ಇಂದಿಗೂ ಹರಿದಾರಿಗಳಿಂದ ಕಾಣುತ್ತಾನೆ.

ಹಳೇಬೀಡಿನ ಆ ಬಸದಿಯ ಒಳಗಿನ ಕಂಬಗಳು ಚರಕಿಯಲ್ಲಿ ತಿರುವಿ ಮೆರುಗುಕೊಟ್ಟವು; ಹತ್ತಿರ ನಿಂತರೆ ಮುಖ ಕಾಣುತ್ತದೆ. ಒಂದು ಕಂಬದಲ್ಲಿ ನನ್ನ ನರೆತ ತಲೆಯನ್ನು ನೋಡುತ್ತ ನಿಂತಿದ್ದಾಗ ಜೈನದರ್ಶನದ ಮಾತು ನೆನಪಾಯಿತು. ಇರುವುದೆಲ್ಲವೂ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರನ್ನೂ ಒಟ್ಟಿಗೆ ಹೊಂದಿದೆ. ಹುಟ್ಟುವುದು, ಅಳಿಯುವುದು, ನಿಲ್ಲುವುದು ಮೂರು ಬೇರೆ ಬೇರೆ ಕಾಲದ ಘಟನೆಗಳಲ್ಲ, ಒಂದೇ ವಸ್ತುವಿನ ಒಂದೇ ಕ್ಷಣದ ಸ್ವಭಾವ. ಬೌದ್ಧರ ನಾಗಸೇನನು ಮಿಲಿಂದ ರಾಜನಿಗೆ, ಗಾಲಿಯೂ ರಥವಲ್ಲ, ಅಚ್ಚೂ ರಥವಲ್ಲ, ರಥವೆಂಬುದು ಒಂದು ಹೆಸರು ಮಾತ್ರವೆಂದು ತೋರಿಸಿಕೊಟ್ಟನು. ಬೇಲಿಗೆ ಆ ವಾದವನ್ನು ಹಚ್ಚಿದರೆ ತಂತಿಯೂ ಬೇಲಿಯಲ್ಲ, ಕಂಬವೂ ಬೇಲಿಯಲ್ಲ ಎಂದಾಗುತ್ತದೆ. ವಾದ ಚೊಕ್ಕಟವಾಗಿದೆ, ಆದರೆ ಕಂಬಕ್ಕೆ ಸುತ್ತಿಗೆ ತಟ್ಟಿ ಕೇಳಿದ ಮೇಲೆ ನನಗೆ ಜೈನರ ಮಾತೇ ಹೆಚ್ಚು ಹತ್ತಿರವಾಯಿತು. ಹೊಸ ತೂತು ಉತ್ಪಾದ. ಅಲ್ಲಿಂದ ಹಿಟ್ಟಾಗಿ ಹಾರಿಹೋದ ಕಲ್ಲು ವ್ಯಯ. ಎರಡನ್ನೂ ಒಡಲಲ್ಲಿಟ್ಟುಕೊಂಡು ನಿಂತಿರುವುದು ಧ್ರೌವ್ಯ. ತಾತನವರ ಕಂಬ ತಾತನವರದೇ ಆಗಿ ಉಳಿದು, ನನ್ನದೂ ಆಯಿತು.

ಮುರಿದ ಕಂಬವನ್ನು ಬಿಸಾಡಲಿಲ್ಲ. ಅದರ ಮೇಲ್ತುಂಡು ಮೂಲೆಯ ಒತ್ತುಗಲ್ಲಾಯಿತು. ಬುಡದ ತುಂಡನ್ನು ಕಿತ್ತು, ಬಾವಿಯ ಬಳಿ ಬಟ್ಟೆ ಒಗೆಯುವುದಕ್ಕೆ ಹಾಸಿದೆವು. ಬೊಟ್ಟಿಟ್ಟಿದ್ದವುಗಳಲ್ಲಿ ಕೆಲವಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದು, ಎಳೆತ ಕಡಮೆಯಿರುವ ನಡುಸಾಲಿಗೆ ಬದಲಾಯಿಸಿದೆವು.

ಕಡೆಗೆ ಉಳಿದುದು ಈಶಾನ್ಯದ ಮೂಲೆಗಂಬ. ಅದು ನೆರೆಯವರ ಹೊಲದ ಕಡೆಗೆ ಒಂದು ಗೇಣು ವಾಲಿತ್ತು. ಅದನ್ನು ನೆಟ್ಟಗೆ ಮಾಡುವುದಾದರೂ ಎಲ್ಲೆಯ ಕಲ್ಲು, ಒಬ್ಬರೇ ಮುಟ್ಟತಕ್ಕದ್ದಲ್ಲ. ಹೋಗಿ ಹೇಳಿದೆನು. “ಬರ್ತೀನಿ ನಡೀರಿ ಅಣ್ಣಯ್ಯ, ನಮ್ಮಪ್ಪ ಇದ್ದಾಗ್ಲೇ ವಾಲಿತ್ತು ಅದು” ಎಂದು ನೆರೆಯವರು ಹಾರೆ ಹಿಡಿದೇ ಬಂದರು. ಇಬ್ಬರೂ ಎದುರುಬದುರಾಗಿ ಮಣ್ಣು ತೆಗೆದೆವು. ಎರಡಡಿ ಆಳದಲ್ಲಿ ಕಂಬದ ಬುಡ ಸಿಕ್ಕಿತು. ಅದರಡಿಯಲ್ಲಿ ಒಂದು ಹಿಡಿಯಷ್ಟು ಇದ್ದಲು, ಕೆಲವು ಮಡಕೆಯ ಚೂರು. ಇದ್ದಲು ಇನ್ನೂ ಕಪ್ಪಗೆ, ಬೆರಳಿಗೆ ಹತ್ತುವಂತಿತ್ತು. ಹಿರಿಯರು ಅದನ್ನು ಕಂಡು ಸುತ್ತಿಗೆಯನ್ನು ಕೆಳಗಿಟ್ಟರು. ನೆರೆಯವರು ಸ್ವಲ್ಪ ಹೊತ್ತು ಗುಂಡಿಯನ್ನೇ ನೋಡುತ್ತಿದ್ದು, ಮನೆಯ ಕಡೆಗೆ ತಿರುಗಿ ಹೆಂಡತಿಯನ್ನು ಕೂಗಿ, ಒಲೆಯಿಂದ ನಾಲ್ಕು ಕೆಂಡ ಆರಿಸಿ ತರಲು ಹೇಳಿದರು. ತಮ್ಮನ ಮಗನೂ ಏನನ್ನೂ ಕೇಳದೆ ನಮ್ಮ ಮನೆಯ ಕಡೆಗೆ ಓಡಿದನು.